ಅಪ್ಪನ ಸಹಿ, ನನ್ನ ಕೈ

ಮಾರ್ಚ್ 4

ಇವತ್ತೂ ಅಪ್ಪನ ಸಹಿ ನಾನೇ ಹಾಕಿದೆ. ಅಂಗಡಿಯ ಲೈಸೆನ್ಸ್ ಫಾರಂ. ಅಪ್ಪ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಗಿರಾಕಿಯ ಪ್ಯಾಂಟು ಮಡಚುತ್ತಿದ್ದರು. ಏನು ಕಾಗದ ಎಂದು ಕೇಳಲೂ ಇಲ್ಲ. "ಹಾಕಮ್ಮ." ಅಷ್ಟೇ. ಈ ದೇಶಕ್ಕೆ ಬಂದಾಗಿನಿಂದ ಹೀಗೇ. ಮನೆಯಲ್ಲಿ ಇಲ್ಲಿಯ ಭಾಷೆ ಓದಲು ಬರುವುದು ನನಗೊಬ್ಬಳಿಗೆ.

ಕಾಲೇಜಿನ ಉತ್ತರ ಬಂದು ನಾಲ್ಕು ದಿನ. ಸೀಟು ಸಿಕ್ಕಿದೆ! ದೂರದ್ದು... ರೈಲಿನಲ್ಲಿ ಆರು ಗಂಟೆ. ಹಾಸ್ಟೆಲ್ ಫಾರಂ ಗುಂಡಿ ಡಬ್ಬಿಯ ಕೆಳಗೆ ಬಚ್ಚಿಟ್ಟಿದ್ದೇನೆ. 28ರೊಳಗೆ ತಂದೆಯ ಸಹಿ ಬೇಕಂತೆ.

ಮಾರ್ಚ್ 9

ಹೇಳಿಬಿಟ್ಟೆ.

ಅಮ್ಮ: "ಇಲ್ಲೇ ಇರೋ ಕಾಲೇಜಿಗೆ ಏನು ಧಾಡಿ? ಬಸ್ಸಲ್ಲಿ ಹೋಗು, ಬಸ್ಸಲ್ಲಿ ಬಾ." ಹದಿನೆಂಟರ ಮಗಳನ್ನು ಇನ್ನೂ ಬಸ್ ಸ್ಟಾಪಿನವರೆಗೆ ಬಿಟ್ಟು ಬರುವವಳು ಬೇರೇನು ಹೇಳಿಯಾಳು! ಅಪ್ಪ ಹೊಲಿದ ಹೊಲಿಗೆಯ ಮೇಲೇ ಮತ್ತೆ ಮಿಷನ್ ಓಡಿಸಿದರು.

ಮಾರ್ಚ್ 10, ಸಂಜೆ 5

ಹಾಸ್ಟೆಲ್ ಫಾರಂ ಮುಂದಿತ್ತು, ಪೆನ್ನು ಕೈಯಲ್ಲೇ ಇತ್ತು. ಎರಡು ಸೆಕೆಂಡಿನ ಕೆಲಸ. ಆಗಲಿಲ್ಲ. ಇದುವರೆಗಿನದೆಲ್ಲ ಅವರು ಹಾಕು ಅಂದದ್ದಕ್ಕೆ ಹಾಕಿದ್ದು. ಇದು ಕಳ್ಳಸಹಿ.

ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ.

ಮಾರ್ಚ್ 19

ಜಗಳ. ಕೊನೆಗೂ ಅಪ್ಪನ ಬಾಯಿಂದ ಬಂತು — "ನೀನು ಹೋದ್ರೆ ಕಾಗದ ಯಾರು ಓದೋದು? ಡಾಕ್ಟರ ಹತ್ರ ಯಾರು ಮಾತಾಡೋದು?"

"ನಾನು ನಿಮ್ಮ ಮಗಳೋ, ಗುಮಾಸ್ತೆಯೋ?"

ಅನ್ನಬಾರದಿತ್ತು. ಅಪ್ಪನ ಮುಖ ಸಣ್ಣಗಾಯಿತು. ಆದರೂ ನಿಜ ತಾನೇ?

ಮಾರ್ಚ್ 24

ಬೆಳಿಗ್ಗೆ ನೋಡಿದರೆ ಫಾರಂ ಡಬ್ಬಿಯ ಮೇಲಿದೆ. ಸಹಿ ಸಮೇತ! ಅಪ್ಪನದೇ ಕೈ. ಕನ್ನಡದಲ್ಲಿ, ತಾತನ ಇನಿಷಿಯಲ್ ಸೇರಿಸಿ. ಅಳು ಬಂತು. ಫೋಟೊ ತೆಗೆದು ಕಾಲೇಜಿಗೆ ಕಳಿಸಿದೆ.

ಮಾರ್ಚ್ 26

ವಾಪಸ್ಸು ಬಂತು. ತಂದೆಯ ಸಹಿ ಮೊದಲ ಅರ್ಜಿಯ ಸಹಿಗೆ ತಾಳೆಯಾಗುತ್ತಿಲ್ಲವಂತೆ. ಅರ್ಜಿಗೆ ಹಾಕಿದವಳು ನಾನು. ಐದು ಕಾಲೇಜಿನದೂ ಒಟ್ಟಿಗೆ ಅಪ್ಪನ ಮುಂದಿಟ್ಟಿದ್ದೆ, ಅವರು ಎಂದಿನಂತೆ — "ಹಾಕಮ್ಮ." ಫೋನ್ ಮಾಡಿ ಬೇಡಿಕೊಂಡರೂ ಆಫೀಸಿನ ಹೆಂಗಸು ಜಪ್ಪಯ್ಯ ಎನ್ನಲಿಲ್ಲ. ಅಪ್ಪನ ಅಸಲಿ ಸಹಿಯೇ ಈಗ ನಕಲಿ! ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನೇ ಹಾಕಿಬಿಡೋಣವೆಂದು ಪೆನ್ನು ತೆಗೆದೆ. ಅಪ್ಪ ಕೈ ಅಡ್ಡ ಹಿಡಿದರು.

"ಬೇಡ. ನಂಗೆ ಕಲಿಸು. ನೀನು ಹಾಸ್ಟೆಲ್ಲಿಗೆ ಹೋದ್ಮೇಲೆ ಎಲ್ಲದಕ್ಕೂ ಇದೇ ಸಹಿ ತಾನೇ ಬೇಕು?"

ಹೋದ ಮೇಲೆ... ಅವರೇ ಅಂದರು.

ಮಾರ್ಚ್ 28, ಬೆಳಿಗ್ಗೆ 9

ಎರಡು ದಿನದಿಂದ ಅಪ್ಪ ಬಟ್ಟೆ ತುಂಡುಗಳ ಮೇಲೆ ಸೀಮೆಸುಣ್ಣದಿಂದ ತಮ್ಮದೇ ಸಹಿ ತಿದ್ದುತ್ತಿದ್ದಾರೆ.

"ಇಷ್ಟುದ್ದ ಬಾಲ ಯಾಕಮ್ಮ ಎಳ್ದೆ?"

"ಆಗ ನಂಗೆ ಹತ್ತು ವರ್ಷ ಅಪ್ಪ. ಚೆಂದ ಕಾಣ್ಲಿ ಅಂತ."

ಈಗ ಪೆನ್ನು, ಹೊಸ ಫಾರಂ. ಅಪ್ಪ ಅದನ್ನು ಸೂಜಿಯಂತೆ ಹಿಡಿದಿದ್ದಾರೆ. ಅವರ ಕೈ ಹಿಡಿದು ಬರೆಸಲು ಹೋದೆ.

"ಬಿಡು, ನಾನೇ ಹಾಕ್ತೀನಿ."

ಬಿಟ್ಟೆ. ಸುಮ್ಮನಿರಲಾಗದೆ ಎದುರಿಗೆ ಕೂತು ಇದನ್ನು ಗೀಚುತ್ತಿದ್ದೇನೆ. ಮೊದಲ ಅಕ್ಷರ ಆಯಿತು. ಎರಡನೆಯದೂ. ಇನ್ನು ಬಾಲ —