ಡ್ರಮ್ಮಿನ ಬಾರ್ಲಿ

ಅಮೃತೇಶ,

ನೀನು ತೀರಿಕೊಂಡು ಇವತ್ತಿಗೆ ಒಂದು ವರ್ಷ. ಮನೆಯಲ್ಲೇ ಬಿಯರ್ ಮಾಡಲೆಂದು ನೀನು ದೊಡ್ಡ ಡ್ರಮ್ಮಿನಲ್ಲಿ ತುಂಬಿಟ್ಟಿದ್ದ ಬಾರ್ಲಿಯನ್ನು ಕೇಳಿಕೊಂಡು ನಿನ್ನ ಹೆಂಡತಿ ನರಸೀಪುರದಿಂದ ಬಂದಿದ್ದಳು.

"ಅವರು ಕೈಯಾರ ತುಂಬಿದ್ದು ಅತ್ತೆ, ಒಂದ್ ಸೇರಾದ್ರೂ ಕೊಡಿ."

ಅವಳ ಕಣ್ಣೆದುರೇ ಎಲ್ಲವನ್ನೂ ತಿಪ್ಪೆಗೆ ಸುರಿದೆ. ಅವಳು ಬಗ್ಗಿ ಒಂದು ಹಿಡಿ ಎತ್ತಿ ನೋಡಿದಳು.

"ಒಂದು ನುಸೀನೂ ಇಲ್ವಲ್ಲ ಅತ್ತೆ!"

"ತಿಪ್ಪೆ ಮುಟ್ಟಿದ ಕೈ ತೊಳ್ಕೊಂಡು ಬಸ್ ಹತ್ತು" ಎಂದೆ.

ನಿನ್ನ ಬಾರ್ಲಿಯಿಂದಲೇ ನನ್ನ ಅಕ್ಕಿಗೆ ನುಸಿ ಹಿಡಿಯಿತೆಂದು ಹೇಳಿ ನಿಮ್ಮಿಬ್ಬರನ್ನೂ ಮನೆಯಿಂದ ಹೊರಗೆ ಹಾಕಿದ್ದೆ. ಅಕ್ಕಿಯಲ್ಲಿ ಈಗಲೂ ನುಸಿ ಇದೆ.

ಅವಳು ಹೋದ ಮೇಲೆ ಆ ಡ್ರಮ್ಮನ್ನು ಒರೆಸಿ, ಅಕ್ಕಿಯನ್ನು ಕೇರಿ ಅದಕ್ಕೆ ತುಂಬಿದೆ. ಮುಚ್ಚಳವನ್ನು ನೀನು ಹಾಕುತ್ತಿದ್ದಷ್ಟೇ ಬಿಗಿಯಾಗಿ ಹಾಕಿದ್ದೇನೆ.

ಸರ್ವಮಂಗಳಾ
ಕಳಲೆ