ಟ್ರೇನು ಅಂತ ಬರಸಿದ್ವಿ

೧೭ ನವೆಂಬರ್, ಸೋಮವಾರ. ಮುಂಜಾನೆ

ಅನೂ, ಹೆಂಗಿದ್ದೀ? ಕೆಮ್ಮು ಹೋತೇನು? ಗ್ರಾಸಾಬಾಯಿ ಮೊಣಕಾಲು ಹೆಂಗದ? ಪೋರ್ಚುಗಲ್‌ದಾಗ ಮೀನಿನ ಗಾಡಿಯೊಳಗ ನಿನ್ನ ಕೂಡಿಸಿಕೊಂಡಾಕಿ, ಆಕಿನ. ಲಾರಿ ಓಡಸೋ ಪಾಸ್ಕಲಪ್ಪಗ ಶುಗರ್ ಅದ ಅಂದಿದ್ದಿ. ಮೆಂತ್ಯೆ ನೆನಸಿದ ನೀರು ಕುಡೀಲಿಕ್ಕೆ ಹೇಳಿದ್ಯೋ ಇಲ್ಲೋ? ಆ ಸಾಲಿ ಮಾಸ್ತರಣಿ ಎಲೇನಾ, ಆಕಿ ಗಂಡ, ಹಲ್ಲು ಬರಲಿಕ್ಕತ್ತಿದ್ದ ಅವರ ಕೂಸು — ಎಲ್ಲಾರೂ ಆರಾಮ?

ನಿನಗ ಲಿಫ್ಟ್ ಕೊಟ್ಟವರ ಹೆಸರೆಲ್ಲಾ ಬಾಯಿಪಾಠ ಆಗ್ಯಾವ. ಸ್ವಂತ ನೆಗೆಣ್ಣಿ ಮಕ್ಕಳ ಹೆಸರು ಮರೀತೀನಿ, ಇವು ಮರಿಯಂಗಿಲ್ಲ.

ಈ ವಹಿಯೊಳಗ ಬರದದ್ದು ನೀ ಓದಂಗಿಲ್ಲ, ಗೊತ್ತದ. ಫೋನಿನ್ಯಾಗ ಒಂದೊಂದ ಅಕ್ಷರ ಹುಡುಕೋದ್ರೊಳಗ ಚಹಾ ಆರಿ ಹೋಗ್ತದ. ಪೆನ್ನು ಹಿಡದ್ರ ಕೈ ಓಡ್ತದ. ಸಾಲಿ ಕಲತಾಕಿ ಅಲ್ಲ, ನಿಮ್ಮಪ್ಪನ ಪಾಟಿ ನೋಡಿ ಕಲತದ್ದು. ತಪ್ಪು ಇದ್ರ ಇರಲಿ. ಯಾರು ತಿದ್ದಬೇಕು?

ನಿನ್ನೆ ವಾಯ್ಸ್ ಮೆಸೇಜು ಕೇಳಿದೆ. "ಅಜ್ಜಿ, ಇಳಿದೆ. ಊಟಾ ಆತು. ಇಟಲಿ ಮುಗೀಲಿಕ್ಕೆ ಬಂತು." ಹತ್ತಿದಾಗ ಒಂದು, ಇಳಿದಾಗ ಒಂದು. ಆ ಕರಾರಿನ ಮ್ಯಾಲೆನ ನಾ ಹೂಂ ಅಂದದ್ದು. ನಿಮ್ಮಪ್ಪ ರಾಜೂ ಇನ್ನೂ ಸಿಟ್ಟಿನ್ಯಾಗ ಇದ್ದಾನ. "ಹಿಂಜವಾಡಿಯಿಂದ ಕಂಪನಿ ಕ್ಯಾಬ್ ಮನಿ ಬಾಗಿಲಿಗೆ ಬರ್ತಿತ್ತು. ಅದನ್ನ ಬಿಟ್ಟು ಕಂಡವರ ಗಾಡಿಗೆ ಕೈ ಮಾಡ್ಲಿಕ್ಕೆ ಹೋಗ್ಯಾಳ" ಅಂತಾನ. ಅಂದು, ಮೆಸೇಜು ಹಚ್ಚಿದಾಗ ಬಾಗಿಲ ಹಿಂದ ನಿಂತು ಕೇಳ್ತಾನ.

ಬರೋ ಭಾನುವಾರ ಶರ್ವರಿದು ಸಾಖರಪುಡಾ; ನಮ್ಮೂರ ಕಡೆ ನಿಶ್ಚಯ ಅಂತಿದ್ವಿ, ಪುಣೆದಾಗ ಹೀಂಗಂತಾರ. ನಿನ್ನ ತಂಗಿ ಮೆಹಂದಿ ಡಿಸೈನು ದಿನಾ ಬದಲಿ ಮಾಡ್ತಾಳ. ಪ್ರಣವ ಮೂರು ಸರತೆ ಬಂದು ಹೋದ. ಹುಡುಗ ಚಲೋ ಇದ್ದಾನ, ಚಾಕಣದ ಕಾರಖಾನಿ ಎಣ್ಣಿ ವಾಸನಿ ಒಂದ ಬಿಟ್ಟು. ಬೀಗರಿಗೆ ನಿನ್ನ ಬಗ್ಗೆ ಏನು ಹೇಳ್ಯಾರ ಗೊತ್ತೇನು? ದೊಡ್ಡಾಕೀನ ಕಂಪನಿಯವರು ಜರ್ಮನಿಗೆ ಟ್ರೇನಿಂಗಿಗೆ ಕಳಿಸ್ಯಾರ ಅಂತ. ನಗಬ್ಯಾಡ. ಹುಡುಗಿ ಒಬ್ಬಾಕೀನ ರಸ್ತೆದಾಗ ನಿಂತು ಗಾಡಿ ಹತ್ತಿ ದೇಶ ತಿರುಗ್ತಾಳ ಅಂದ್ರ ಸಂಬಂಧ ನಿಲ್ಲಂಗಿಲ್ಲ ಅಂತ ನಿಮ್ಮವ್ವನ ಹೆದರಿಕಿ. ನಾನೂ ಗೋಣು ಹಾಕಿದೆ.

೧೮, ಮಂಗಳವಾರ. ಮಧ್ಯಾಹ್ನ

ಫೋನ್ ಮಾಡಿದ್ದಿ. ನೆಟ್ವರ್ಕು ಚಲೋ ಇತ್ತು, ಬಾಜೂ ಕೂತು ಮಾತಾಡಿದಂಗ.

"ಹೆದರಿಕಿ ಆಗಂಗಿಲ್ಲೇನವಾ?" ಅಂದೆ.

"ಆಗ್ತದ ಅಜ್ಜಿ. ಗಾಡಿ ನಿಂತ ಕೂಡಲೆ ಮೊದಲ ಆಗ್ತದ. ಕಿಡಕಿಯೊಳಗ ಮಾರಿ ನೋಡ್ತೀನಿ. ಎಲ್ಲಿಗೆ ಹೊಂಟೀರಿ ಅಂತ ಅವರನ್ನ ಮೊದಲು ಹೇಳಸ್ತೀನಿ. ಮನಸ್ಸು ಬ್ಯಾಡ ಅಂದ್ರ, ಥ್ಯಾಂಕ್ಯೂ, ನಾ ಗೆಳತಿ ಹಾದಿ ಕಾಯ್ಲಿಕ್ಕತ್ತೀನಿ ಅಂತೀನಿ. ಕತ್ತಲಾದ ಮ್ಯಾಲೆ ಹತ್ತಂಗಿಲ್ಲ."

"ಮನಸ್ಸು ತಪ್ಪು ಹೇಳಿದ್ರ?"

"ಕಾತ್ರಜದ ಬಸ್ಸಿನ್ಯಾಗ ನನ್ನ ಸೊಂಟಾ ಹಿಚುಕಿದವರಷ್ಟು ಮಂದಿ ಇಲ್ಲಿ ಇನ್ನೂ ಸಿಕ್ಕಿಲ್ಲ ಅಜ್ಜಿ" ಅಂದಿ.

ಹತ್ತು ವರ್ಷ ಆ ಬಸ್ಸಿಗೆ ಕಳಿಸಿದ್ವಿ. ಒಂದ ದಿವಸಾನೂ ಹೇಳಿದ್ದಿಲ್ಲ ನೀನು.

೧೯, ಬುಧವಾರ. ದೀಪ ಹಚ್ಚೋ ಹೊತ್ತು

ಮಧ್ಯಾಹ್ನದ ಮೆಸೇಜು ಇಲ್ಲಿ ಬರದಿಡ್ತೀನಿ. "ಅಜ್ಜಿ, ಸ್ಲೊವೇನಿಯಾಕ್ಕ ಬಂದೆ. ಪೋಸ್ತೊಯ್ನಾ ಅಂತ ಊರು, ಊರ ಹೊರಗ ಪೆಟ್ರೋಲ್ ಪಂಪು. ಮಳಿ, ಭಾಳ ಥಂಡಿ. ಒಬ್ಬಾಂವ ಹೂಂ ಅಂದಾನ, ಬಿಳೀ ವ್ಯಾನು. ಸಮುದ್ರದ ಕಡೆ ಹೊಂಟಾನಂತ, ಕ್ರೊಯೇಶಿಯಾಕ್ಕ. ಹತ್ತಿದೆ ನೋಡು." ಬಾಗಿಲಾ ಹಾಕೋ ಸಪ್ಪಳ. ಗಂಡಸಿನ ದನಿ, ಏನೋ ಅಂದ. ನೀ ನಕ್ಕಿ.

ಅವನ ಹೆಸರು ಹೇಳಲಿಲ್ಲ ನೀನು. ಯಾವಾಗಲೂ ಹೇಳ್ತಿದ್ದಿ. ಅವಸರ ಇರಬೇಕು.

ಅಲ್ಲಿ ಇನ್ನೂ ಮಧ್ಯಾಹ್ನ. ಬರ್ತದ.

೨೦, ಗುರುವಾರ

ಬಂದಿಲ್ಲ. ನಾ ಕಳಿಸಿದ್ದಕ್ಕೂ ಒಂದ ಟಿಕ್ಕು. ಎರಡು ಬೀಳಬೇಕು ಅಂದಳು ಶರ್ವರಿ.

ಎಲ್ಲಾರಿಗೂ ಮೆಸೇಜು ಕೇಳಿಸಿದೆ. ರಾಜೂ ಇನ್ನೊಮ್ಮೆ ಹಚ್ಚು ಅಂದ. ಮತ್ತ ಹಚ್ಚಿದೆ.

"ಚಾರ್ಜಿಂಗ್ ಮುಗದಿರಬೇಕ್ರಿ ಅತ್ಯಾ. ಸ್ಪೇನ್‌ದಾಗೂ ಹೀಂಗ ಆಗಿತ್ತಲ್ಲ" ಅಂದಳು ನಿಮ್ಮವ್ವ. ಮಾಧುರಿಗೆ ಸುಳ್ಳು ಹೇಳಲಿಕ್ಕೆ ಬರಂಗಿಲ್ಲ, ಕಿವಿ ಕೆಂಪಾಗ್ತಾವ.

"ಪೊಲೀಸರಿಗೆ ಹೇಳೋಣೇನೋ ರಾಜೂ?"

"ಭಾನುವಾರ ಆಗಿ ಹೋಗ್ಲಿ ಅವ್ವಾ. ಬೀಗರ ಅಕ್ಕನ ಮಗಾನ ನಮ್ಮ ಸೊಸೈಟಿ ಸೆಕ್ರೆಟರಿ. ಇಲ್ಲಿ ನಾ ಚೌಕಿ ಮೆಟ್ಟಲಾ ಹತ್ತೋದ್ರೊಳಗ ಅಲ್ಲಿ ಚಿಂಚವಾಡಕ್ಕ, ಬೀಗರ ಮನಿಗೆ, ಸುದ್ದಿ ಮುಟ್ಟತದ."

"ಹುಡುಗಿ ಅದ ಅಲ್ಲೋ..."

"ನನ್ನ ಮಗಳು ಅಲ್ಲೇನು? ಅಷ್ಟರೊಳಗ ಬರ್ತದ ಮೆಸೇಜು. ಇಬ್ಬರದೂ ಹಾಳು ಮಾಡೋದು ಬ್ಯಾಡ."

೨೨, ಶನಿವಾರ

ಬೇಸನ್ ಉಂಡಿ ಕಟ್ಟಿದ್ವಿ. ನಿಮ್ಮವ್ವ ಬಚ್ಚಲದಾಗ ನಳಾ ಬಿಟ್ಟು ಅತ್ತು ಬಂದಳು. ಬಂದು, "ಉಂಡಿ ಗಟ್ಟಿ ಆದ್ವೇನ್ರಿ?" ಅಂದಳು.

ಆಗಿದ್ವು.

೨೩, ಭಾನುವಾರ. ಸಂಜಿ

ಆತು. ಹಾಲ್ ಚಲೋ ಇತ್ತು. ಶರ್ವರಿ ಹಸರು ಪೈಠಣಿ ಉಟ್ಟಿದ್ದಳು. ಉಂಗುರ ಹಾಕೋವಾಗ ತಲಿ ಎತ್ತಲಿಲ್ಲ. ನಾಚಿಗಿ ಅಂತ ತಿಳಕೊಂಡ್ರು ಅವರು.

ಬೀಗಿತ್ತಿ ದುರ್ಗಾಬಾಯಿ ದೊಡ್ಡ ಬಾಯಿ, ದೊಡ್ಡ ನಗು. ನಡು ಹಾಲಿನ್ಯಾಗ ನಿಂತು, "ದೊಡ್ಡಾಕಿ ಎಲ್ರೀ? ಒಂದು ವಿಡಿಯೋ ಕಾಲ್ ಹಚ್ರಿ, ನಾವೂ ಜರ್ಮನಿ ನೋಡೋಣು! ನಮ್ಮ ಮೈದುನನ ಮಗ ರಕ್ಷಿತನೂ ಆ ಕಡೇನ ಎಲ್ಲೋ ಇದ್ದಾನ್ರಿ, ಹೋಟೆಲ್‌ದಾಗ ಅಡಗಿ ಮಾಡ್ತಾನ..."

ರಾಜೂ ನಡುವ ಬಾಯಿ ಹಾಕಿದ. "ಡ್ಯೂಟಿ ಮ್ಯಾಲೆ ಇದ್ದಾಳ್ರಿ. ಫೋನ್ ಒಳಗ ಬಿಡಂಗಿಲ್ಲ."

"ಭಾನುವಾರನೂ ಡ್ಯೂಟಿ? ಹಂಗಾದ್ರ ನಮ್ಮ ಚಾಕಣನ ಚಲೋ ಬಿಡ್ರಿ!"

ಎಲ್ಲಾರೂ ನಕ್ಕರು. ನಾನೂ ನಕ್ಕೆ, ಅನೂ. ಹಲ್ಲು ಕಾಣೋ ಹಂಗ.

೨೪, ಸೋಮವಾರ

ಇವತ್ತು ಕಂಪ್ಲೇಂಟ್ ಆತು. ಅಲ್ಲಿಯ ನಮ್ಮ ದೇಶದ ಎಂಬೆಸಿಗೂ ಮೇಲ್ ಹೋತು. ರಾಜೂ ಟೈಪ್ ಮಾಡಿ ಓದಿ ಹೇಳಿದ. ಅನುಜಾ, ವಯಸ್ಸು, ಎತ್ತರ, ಹಳದಿ ಜಾಕೀಟು. ಇಟಲಿಯ ಟ್ರಿಯೆಸ್ಟ್‌ದಿಂದ ಟ್ರೇನ್ ಹಿಡದು ಸ್ಲೊವೇನಿಯಾದ ಲುಬ್ಲ್ಯಾನಾಕ್ಕ ಹೊಂಟಿದ್ದಳು.

"ಟ್ರೇನ್ ಯಾಕ ಬರದಿ?"

"ಮತ್ತೇನು ಬರೀಲಿ ಅವ್ವಾ? ಕೈ ಮಾಡಿ ಗುರುತಿಲ್ಲದವನ ಗಾಡಿ ಹತ್ತಿದಳು ಅಂತ ಬರೀಲೇನು? ಓದಿದವರು, ಅಂಥಾಕೀನ ಇರಬೇಕು ಬಿಡು ಅಂತಾರ. ಹುಡುಕೋದೂ ಇಲ್ಲ. ಚಲೋ ಮನಿ ಹುಡುಗಿ ಅಂದ್ರ ಹುಡುಕ್ತಾರ."

"ಪಂಪು ಎಲ್ಲೋ, ಟೇಶನ್ ಎಲ್ಲೋ..."

"ದೇಶ ಒಂದ ಅಲ್ಲೇನು? ಹಾದೀನೂ ಒಂದ. ನೀ ಸುಮ್ನಿರು."

ಶರ್ವರಿ ನನ್ನ ಮಾರಿ ನೋಡಿದಳು. ನಾ ಆಕಿ ಮಾರಿ ನೋಡಿದೆ. ಅವ ಹೇಳೋದೂ ಖರೇ ಇರಬೇಕು ಅನಿಸಿತು. ಅನಿಸಿಕೊಂಡೆ.

೨೭, ಗುರುವಾರ

ಎಂಬೆಸಿಯಿಂದ ಫೋನ್. ಎರಡೂ ಟೇಶನ್ನಿನ ಕ್ಯಾಮೆರಾ ನೋಡ್ಯಾರ. ಹಳದಿ ಜಾಕೀಟಿನ ಹುಡುಗಿ ಎಲ್ಲೂ ಇಲ್ಲ. ಟ್ರೇನ್ ಹತ್ತೇ ಇಲ್ಲ ಆಕಿ, ಇಟಲಿಯೊಳಗನ ಎಲ್ಲೋ ಇರಬೇಕು, ಇನ್ನ ಅಲ್ಲಿ ಹುಡುಕ್ತೀವಿ ಅಂದ್ರು.

ಇಟಲಿಯೊಳಗ! ನೀ ದಾಟಿ ಹೋದ ದೇಶದಾಗ ಹುಡುಕ್ತಾರ.

ರಾಜೂ "ಥ್ಯಾಂಕ್ಯೂ ಮೇಡಂ" ಅಂದು ಫೋನ್ ಇಟ್ಟ. ಚಪ್ಪಲಿ ಹಾಕ್ಕೊಂಡು ಹೊರಗ ಹೋದ. ನಾ ಶರ್ವರಿಗೆ ಅಂದೆ, ಅದ ನಂಬರಿಗೆ ಹಚ್ಚು. ಮಾಧುರಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬ್ಯಾಡ ಅನ್ನಲಿಲ್ಲ.

ನನ್ನ ಹಿಂದಿ ನಿನಗ ಗೊತ್ತದ, ಅರ್ಧಾ ಮರಾಠಿ. ಅದರಾಗನ ಹೇಳಿದೆ. ಟ್ರೇನ್ ಅಲ್ಲ ಬೇಟೀ. ಪೋಸ್ತೊಯ್ನಾದ ಪಂಪು, ಬಿಳೀ ವ್ಯಾನು, ಮಳಿ ಇತ್ತು. ಮೆಸೇಜು ಕೇಳಿಸಿದೆ. ಎಂಬೆಸಿ ಹುಡುಗಿ ಊರಿನ ಹೆಸರು, ತಾರೀಖು ಬರಕೊಂಡಳು. ಆಮ್ಯಾಲೆ ಒಂದ ಮಾತು ಕೇಳಿದಳು, "ಮಾಂಜೀ, ಇದನ್ನ ಮೊದಲನ ಯಾಕ ಹೇಳಲಿಲ್ಲ?" ಹಿಂದಿಯೊಳಗ ಕೇಳಿದಳು. ನಾ ಮೆಸೇಜು ಇನ್ನೊಮ್ಮೆ ಹಚ್ಚಿ ಫೋನಿಗೆ ಹಿಡದೆ.

ರಾಜೂ ಬಂದ. ತಿಳೀತು. ಒದರತಾನ ಅಂತ ಮಾಡಿದ್ದೆ. ನೆಲದ ಮ್ಯಾಲೆ ಕೂತ, ಅಲ್ಲೇ, ಚಪ್ಪಲಿ ಸುದ್ದಾ ಬಿಡದ.

೩ ಡಿಸೆಂಬರ್, ಬುಧವಾರ

ಆ ಪಂಪು ಸಿಕ್ಕದ. ಕ್ಯಾಮೆರಾನೂ ಅದ. ನಾಲ್ಕು ಕಡೆ ಅದ ಅಂತ.

ಒಂದು ವಾರದ್ದಷ್ಟ ಇಟ್ಟುಕೋತದಂತ. ಆಮ್ಯಾಲೆ ಹಳೇದರ ಮ್ಯಾಲೆ ಹೊಸಾದು ಬೀಳ್ತದಂತ. ನಾ ಫೋನ್ ಮಾಡಿದೆನಲ್ಲ, ಅದರ ಹಿಂದಿನ ದಿವಸ ಅಳಿಸಿ ಹೋಗ್ಯದ.

ಹಾಲಿನ್ಯಾಗ ಉಂಗುರ ಹಾಕೋವಾಗ ಇತ್ತು. ಟ್ರೇನು ಅಂತ ಬರಸೋವಾಗೂ ಇತ್ತು. ಆ ವ್ಯಾನಿನ ನಂಬರು, ಆ ಮನಿಷಾನ ಮಾರಿ. ನೀ ಬಾಗಿಲಾ ಹಾಕಿಕೊಂಡದ್ದು.

೫, ಶುಕ್ರವಾರ

ಸೆಕ್ರೆಟರಿಗೆ ಗೊತ್ತಾಗ್ಯದ. ಅಂದ ಮ್ಯಾಲೆ ಚಿಂಚವಾಡಕ್ಕೂ. ಮಧ್ಯಾಹ್ನ ದುರ್ಗಾಬಾಯಿ ಬಂದ್ರು, ಪ್ರಣವನ ಕರಕೊಂಡು. ಉಂಗುರ ತಿರುಗಿ ಕೇಳಲಿಕ್ಕೆ ಬಂದಾರ ಅಂತ ಮಾಧುರಿ ಡಬ್ಬಿ ತಂದು ಟೀಪಾಯಿ ಮ್ಯಾಲೆ ಇಟ್ಟಳು.

"ಇದೇನ್ರಿ ಇದು? ಒಳಗಿಡ್ರಿ ಮೊದಲ" ಅಂದ್ರು. ಇವತ್ತು ನಗು ಇಲ್ಲ. "ರಾಜೀವರಾವ, ನಮ್ಮನ್ನ ಏನಂತ ತಿಳಕೊಂಡೀರಿ?"

"ಹಂಗಲ್ರಿ... ಹುಡುಗಿ ಒಬ್ಬಾಕೀನ, ಕಂಡವರ ಗಾಡಿ..."

"ನನ್ನ ಮಗಾ ನಾಶಿಕಕ್ಕ ಟೊಮೆಟೊ ಟೆಂಪೋದಾಗ ಕೂತು ಹೋಗ್ಯಾನ್ರಿ, ಕೇಳ್ರಿ. ಆತು, ಹುಡುಗಿ ಹಂಗ ಹೋಗ್ಯಾಳ ಅಂತ ಗೊತ್ತಾಗಿದ್ರ ನಾಕು ಮಾತು ಆಡ್ತಿದ್ದೆ ನಾನು. ಖರೇ, ಆಡ್ತಿದ್ದೆ. ನನ್ನ ಬಾಯಿ ನನಗ ಗೊತ್ತಿಲ್ಲೇನು? ಆಡಿ, ಆಮ್ಯಾಲೆ ಫೋನ್ ಹಚ್ಚತಿದ್ದೆ. ರಕ್ಷಿತ ಎಲ್ಲಿದ್ದಾನ ಗೊತ್ತದೇನು ನಿಮಗ? ಲುಬ್ಲ್ಯಾನಾದಾಗ. ಆ ಪಂಪಿಗೆ ಒಂದು ತಾಸಿನ ಹಾದಿ. ಅವತ್ತ ಹಾಲಿನ್ಯಾಗ ನಾನಾಗೇ ಅವನ ಹೆಸರು ತಗದೆ. ನೀವು ನಡುವ ಮಾತು ಮುರದ್ರಿ."

ಪ್ರಣವ ಎದ್ದು ಹೋಗಿ ಒಂದು ತಂಬಿಗಿ ನೀರು ತಂದ, ರಾಜೂನ ಮುಂದ ಇಟ್ಟ.

ಯಾರಿಗೆ ಹೆದರಿ ಮುಚ್ಚಿಟ್ಟಿದ್ವೋ ಅವರ ಹಂತೇಕನ ಹಾದಿ ಇತ್ತು. ನಾಕು ಮಾತು ಕೇಳಬೇಕಾಗಿತ್ತು, ಅಷ್ಟ.

೧೮, ಗುರುವಾರ

ಇಷ್ಟು ದಿವಸ ಬರೀಲಿಕ್ಕೆ ಆಗಲಿಲ್ಲ. ಏನು ಬರೀಬೇಕು?

ನಿಮ್ಮಪ್ಪನ ವೀಸಾ ಬಂತು. ಸೋಮವಾರ ಹೋದ. ರಕ್ಷಿತ ವಿಮಾನದ ಕಡೆ ಬಂದಿದ್ದನಂತ. ತನ್ನ ಕೋಟು ಬಿಚ್ಚಿ ರಾಜೂಗ ಹಾಕ್ಯಾನ. ಪುಣೆ ಸ್ವೆಟರ್ ತಗೊಂಡು ಹೋಗಿದ್ದ ಇಂವ.

ನಿನ್ನ ಚೀಲ ಸಿಕ್ಕದ, ಅನೂ. ಗಡಿ ಕಡೆ ಹೋಗೋ ಸಣ್ಣ ರಸ್ತೆ, ಅಲ್ಲೊಂದು ಸೇತುವೆ, ಅದರ ಕೆಳಗ. ರಸ್ತೆ ಕಸಾ ಬಳಿಯೋ ಮನಿಷಾ ನೋಡಿ ಪೊಲೀಸರಿಗೆ ಕೊಟ್ಟ. ತೊಯ್ದು ನೀರು ಕುಡದಿತ್ತಂತ. ಅರವಿ ಅವ. ಫೋನ್ ಇಲ್ಲ. ನೀ ಇಲ್ಲ.

ನಾಯಿ ತಂದು ಹೊಳಿ ದಂಡಿಗುಂಟ ಹುಡುಕ್ಯಾರ. ಬರ್ಫ ಬಿದ್ದದ, ನಿಲ್ಲಿಸ್ಯಾರ. ಬರ್ಫ ಕರಗಿದ ಮ್ಯಾಲೆ ಅಂತಾರ. ಕರಗಿದ ಮ್ಯಾಲೆ ಏನು ಅಂತ ನಾ ಕೇಳಲಿಲ್ಲ. ಮಾಧುರಿ ಕೇಳಿದಳು. ಆ ಕಡೆಯಿಂದ ರಾಜೂ ಏನಂದನೋ, ಫೋನ್ ನನ್ನ ಕೈಯಾಗ ಕೊಟ್ಟು ಒಳಗ ಹೋದಳು. ಅಕ್ಕಿ ಆರಸಲಿಕ್ಕೆ ಕೂತಳು. ಆರಿಸಿದ್ದನ್ನ ಮತ್ತ ಆರಿಸಿದಳು.

೨೧, ಭಾನುವಾರ. ಸಂಜಿ

ರಾಜೂ ಮಧ್ಯಾಹ್ನ ಫೋನ್ ಮಾಡಿದ್ದ. ಗಾಳಿ ಭಾಳ.

"ಅವ್ವಾ, ಸೇತುವೆ ಆಚೆ ಎರಡು ಪಂಪ್ ಅವ, ಒಂದು ಲಾರಿ ನಿಲ್ಲೋ ಜಾಗಾ ಅದ. ಫೋಟೋ ತೋರಿಸಿ ಕೇಳಬೇಕು. ಭಾನುವಾರ ಬಸ್ ಇಲ್ಲ ಇಲ್ಲಿ. ರಕ್ಷಿತಗ ರಜಾ ಇಲ್ಲ, ಹೋಟೆಲ್‌ದಾಗ ಕ್ರಿಸ್ಮಸ್ಸಿನ ಗದ್ದಲ. ರಸ್ತೆದಾಗ ನಿಂತೀನಿ."

"ನಿಂತು?"

"ಕೈ ಮಾಡ್ಲಿಕ್ಕತ್ತೀನಿ." ಉಸಿರು ಕೇಳತಿತ್ತು. "ಒಬ್ಬರೂ ನಿಲ್ಲಸ್ವಲ್ಲರು. ನೋಡ್ತಾರ, ಹೋಗ್ತಾರ. ಅವ್ವಾ, ಅನೂಗ ಎಷ್ಟು ಹೊತ್ತಿಗೆ ನಿಲ್ಲಸ್ತಿದ್ರು? ನಿನಗ ಹೇಳ್ತಿದ್ದಳಲ್ಲ."

"ನಗಬೇಕಪಾ" ಅಂದೆ. "ಆಕಿ ನಕ್ಕೋತ ನಿಲ್ತಿದ್ದಳು. ಮಾರಿ ಗಂಟ ಹಾಕ್ಕೊಂಡು ನಿಂತ್ರ ಯಾರು ನಿಲ್ಲಸ್ತಾರ?"

ನಕ್ಕನೋ ಏನೋ. ಅತ್ತಂಗ ಕೇಳಿಸ್ತು.

ಆಮ್ಯಾಲೆ, "ನಿಂತದ ಒಂದು. ಇಡ್ತೀನಿ."

ಯಾರ ಗಾಡಿ, ಎಂಥಾದು ಅಂತ ನಾ ಕೇಳೋದ್ರೊಳಗ ಇಟ್ಟ.

ಈಗ ಇಲ್ಲಿ ಕತ್ತಲಾಗ್ಯದ. ಶರ್ವರಿ ಹಚ್ಚಿದಳು, ತಗೀಲಿಲ್ಲ. ಮಾಧುರಿ ಹಚ್ಚಿದಳು. ರಕ್ಷಿತನೂ ಹಚ್ಚ್ಯಾನಂತ. ಗುಡ್ಡದಾಗ ನೆಟ್ವರ್ಕ್ ಸಿಗಂಗಿಲ್ರಿ ಅಜ್ಜಿ, ಹೆದರಬ್ಯಾಡ್ರಿ ಅಂದ. ದನಿ ಹೆದರಿತ್ತು.

ಅನೂ, ನಿಮ್ಮಪ್ಪ ಆ ರಸ್ತೆಗೆ ಬಂದಾನವಾ. ಜನ ಏನಂತಾರ ಅನ್ನೋದು ಬಿಟ್ಟು ಬಂದಾನ. ಥಂಡಿ ತಡಿಯಂಗಿಲ್ಲ ಅವಗ, ನಿನಗ ಗೊತ್ತದ. ನಾ ಬರದದ್ದು ನೀ ಓದಂಗಿಲ್ಲ, ಅದೂ ಗೊತ್ತದ. ಆದರೂ ಬರೀತೀನಿ. ಬೈದು ಬರಿ, ಸಿಟ್ಟಿಲೆ ಬರಿ, ಅರ್ಧಾ ಮಾತು ಬರಿ. ನೀ ಆಗಲಿ, ಅಂವ ಆಗಲಿ, ಯಾರರ ಒಬ್ಬರು ಲಗೂನ ಬರೀರಿ, ಇಳಿದೆ ಅಂತ.