ಎರಡೂ ಕಡೆ ಬಾಲವಿಟ್ಟ ಹೆಸರು

ಸಿಂಧನೂರು
೧೪ ನವೆಂಬರ್ ೧೯೯೯, ಭಾನುವಾರ

ಲಿಂಗೈಕ್ಯರಾದ ಯಜಮಾನರ ಪಾದಗಳಿಗೆ ಕಲ್ಯಾಣಮ್ಮನ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ನೀವೂ ಕ್ಷೇಮವಾಗಿದ್ದೀರೆಂದು ಕಳೆದ ತಿಂಗಳಷ್ಟೇ ತಿಳಿಯಿತು. ಹತ್ತು ವರ್ಷದ ಹಿಂದೆ ಬಳಗಾನೂರಿನ ಹೊಲದಲ್ಲಿ ನಿಮ್ಮನ್ನು ಮಣ್ಣು ಮಾಡಿ, ಸ್ನಾನ ಮಾಡಿ ಮನೆಗೆ ಬಂದವರು ನಾವು, ಹಾಗಾಗಿ ಸ್ವಲ್ಪ ಗಾಬರಿಯಾಯಿತು, ಅಷ್ಟೇ. ನಿಮ್ಮ ಮಂಡಿನೋವು ಹೇಗಿದೆ? ಚಳಿ ಬಿದ್ದರೆ ನಿಮಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ನಾಸಿಕದ ಕಡೆ ಚಳಿ ಇಲ್ಲಿಗಿಂತ ಜೋರಂತೆ, ಎಣ್ಣೆ ಬಿಸಿ ಮಾಡಿ ಹಚ್ಚಿಸಿಕೊಳ್ಳಿ. ಹಚ್ಚುವವರು ಅಲ್ಲಿ ಒಬ್ಬರಿದ್ದಾರೆ ಎನ್ನುವುದೂ ತಿಳಿದಿದೆ. ಅವರಿಗೂ ನನ್ನ ಕಡೆಯಿಂದ ಕೇಳಿದೆನೆಂದು ಹೇಳಿ.

ಹೇಗೆ ತಿಳಿಯಿತು ಎಂದು ನಿಮಗೆ ಎದೆ ಹೊಡೆದುಕೊಳ್ಳುತ್ತಿರಬಹುದು, ಹೇಳುತ್ತೇನೆ. ಬಸ್‌ಸ್ಟ್ಯಾಂಡಿನ ಹಿಂದೆ ಮಕ್ತುಮ್‌ಸಾಬರ ಟೈಪಿಂಗ್ ಅಂಗಡಿ ಇತ್ತಲ್ಲ, ಅಲ್ಲಿ ಈಗ ಅವರ ಮಗಳು ನಜಮಾ ಕಂಪ್ಯೂಟರ್ ಇಟ್ಟಿದ್ದಾಳೆ. ರಾಯಚೂರಿಗೆ ಫೋನು ಹಚ್ಚಿದರೆ ಅದು ಕೀರಲು ದನಿಯಲ್ಲಿ ಒಂದಿಷ್ಟು ಹೊತ್ತು ಅತ್ತು, ಆಮೇಲೆ ಲೋಕದಲ್ಲಿ ಎಲ್ಲೆಲ್ಲಿ ಏನೇನು ಬರೆದಿಟ್ಟಿದ್ದಾರೋ ಅದನ್ನೆಲ್ಲ ಹುಡುಕಿ ತಂದು ತೋರಿಸುತ್ತದೆ. ನಮ್ಮ ಹೈಸ್ಕೂಲಿನ ಕಾಗದಗಳನ್ನು ಟೈಪ್ ಮಾಡಿಸಲು ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ. ಹೌದು, ನೀವು ಸತ್ತದ್ದಕ್ಕೆ ಸರ್ಕಾರ ಕರುಣೆಯಿಂದ ನನಗೆ ಕೊಟ್ಟ ಗುಮಾಸ್ತಿಕೆ ಇದು. ಮಸ್ಕಿಯಲ್ಲಿ ನೀವು ಗಣಿತದ ಮಾಸ್ತರರಾಗಿ ಬಿಟ್ಟುಹೋದ ಕುರ್ಚಿ ನನಗೆ ಸಿಗುವ ಹಾಗಿರಲಿಲ್ಲ, ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಈ ಕುರ್ಚಿಯೇನೂ ಕಡಿಮೆಯದಲ್ಲ.

ನಜಮಾಗೆ ಆ ಯಂತ್ರದ ಮೇಲೆ ವಿಪರೀತ ಹೆಮ್ಮೆ. “ಏನರ ಕೇಳ್ರಿ ಮೇಡಂ, ಹುಡುಕಿ ಕೊಡ್ತೀನಿ” ಎಂದು ಬಂದವರಿಗೆಲ್ಲ ಅನ್ನುತ್ತಾಳೆ. ಅವಳ ಜಂಬ ಇಳಿಸಬೇಕೆನ್ನಿಸಿತು. ಯಂತ್ರಕ್ಕೆ ಎಂದೂ ಸಿಗದ ಮಾತು ಯಾವುದು ಎಂದು ಯೋಚಿಸಿ ನಿಮ್ಮ ಹೆಸರನ್ನೇ ಕೊಟ್ಟೆ. ಅಮರೇಶ್ವರನಿಗೆ ಹರಕೆ ಹೊತ್ತು ಇಟ್ಟ ಹೆಸರು, ಲಿಂಗಸುಗೂರು ಸೀಮೆ ದಾಟಿದರೆ ಆ ಹೆಸರಿನವರು ಯಾರಿದ್ದಾರೆ? ಗಂಡನ ಹೆಸರನ್ನು ನಾನು ಬಾಯಿಂದ ಹೇಳಿದವಳಲ್ಲ, ಸತ್ತ ಮೇಲೂ ಹೇಳಿಲ್ಲ. ಚೀಟಿಯಲ್ಲಿ ಬರೆದುಕೊಟ್ಟೆ: ಅಮರಗುಂಡಪ್ಪ ಹಂಪಣ್ಣ ಬಳಗಾನೂರ. ಹಾಜರಿ ಪುಸ್ತಕದಲ್ಲಿ ನೀವು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಹಾಗೆಯೇ, ಅಮರ ಬೇರೆ ಗುಂಡಪ್ಪ ಬೇರೆ ಬಿಡಿಸಿ ಬರೆದೆ.

ಮೂರು ಸಾವಿರದ ಮೇಲೆ ಸಿಕ್ಕವು! ನಜಮಾ ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ನೋಡುತ್ತ ಹೋದರೆ ಎಲ್ಲ ಹೊಟ್ಟು. ಅಮರ್ ಎಂಬ ಲಾಡ್ಜು, ಅಮರ್ ಎಂಬ ಸೈಕಲ್ ಅಂಗಡಿ, ಯಾರೋ ಗುಂಡಪ್ಪನ ಮೊಮ್ಮಗಳ ಮದುವೆ. ನಿಮ್ಮ ಹೆಸರನ್ನು ತುಂಡು ಮಾಡಿ, ತುಂಡು ಸಿಕ್ಕಲ್ಲೆಲ್ಲ ಬಾಚಿ ತಂದಿತ್ತು. ಉಪ್ಪು ತಾ ಎಂದರೆ ಅಂಗಡಿಯಲ್ಲಿ ಬೆಳ್ಳಗಿರುವುದನ್ನೆಲ್ಲ ಹೊತ್ತು ತಂದ ಹಾಗೆ. ನಾನು ಚೆನ್ನಾಗಿ ನಕ್ಕೆ, ಆ ಹುಡುಗಿಗೆ ಅವಮಾನವಾಯಿತು. ಅದರ ನಿಯಮಗಳನ್ನೆಲ್ಲ ಮುದ್ರಿಸಿಕೊಂಡು ಮೂರು ವಾರ ಓದಿದಳು. ಒಂದು ಶನಿವಾರ ನಾನು ಹೊಸ್ತಿಲು ದಾಟುವುದರೊಳಗೆ ಶುರು ಮಾಡಿದಳು: “ಎರಡೂ ಕಡಿ ಬಾಲ ಹಚ್ಚಬೇಕಂತ್ರಿ ಮೇಡಂ. ಹಚ್ಚಿದ್ರ ಇದ್ದದ್ದನ್ನ ಇದ್ದಂಗ ಹುಡುಕ್ತೈತಿ, ತನ್ನ ಶ್ಯಾಣ್ಯಾತನ ಮಾಡಂಗಿಲ್ಲ.” ಬಾಲವೆಂದರೆ ನಾವು ಯಾರದಾದರೂ ಮಾತನ್ನು ಬರೆಯುವಾಗ ಹಿಂದೆ ಮುಂದೆ ಹಾಕುವ ಗುರುತು. ನಿಮ್ಮ ಹೆಸರಿಗೆ ಹಾಕಿದಳು. ಒಂದು ಕಡೆ ಹುಡುಕಿದಾಗ ಏನೂ ಇಲ್ಲವೆಂದಿತು. ಬಿಡದೆ ಇನ್ನೊಂದು ಕಡೆ ಹುಡುಕಿದಳು. ಒಂದು ಎಂದು ಬಂತು.

ನಾಸಿಕದ ಗುಲಾಬಿ ಬೆಳೆಯುವವರ ಯಾವುದೋ ಸಂಘದ ಪುಟ. ಫೋಟೋ ಮೇಲಿನಿಂದ ಒಂದೊಂದೇ ಎಳೆಯಾಗಿ ಇಳಿಯತೊಡಗಿತು. ಮೊದಲು ನರೆತ ಕೂದಲು, ಆಮೇಲೆ ಹಣೆ, ಆಮೇಲೆ ಕನ್ನಡಕ. ಮೂಗು ಬರುವಷ್ಟರಲ್ಲಿ ಅದು ನೀವೇ ಎಂದು ಗೊತ್ತಾಯಿತು. ಪಕ್ಕದಲ್ಲಿ ಕುಂಡ ಹಿಡಿದು ನಿಂತವರು ಬೆಳ್ಳಗೆ ಚೆನ್ನಾಗಿದ್ದಾರೆ. ಶ್ರೀ ಮತ್ತು ಶ್ರೀಮತಿ ಎಂದು ಹಾಕಿ, ಕೆಳಗೆ ಎರಡನೇ ಬಹುಮಾನ ಎಂದು ಬರೆದಿದ್ದರು. ಅಷ್ಟು ದೂರ ಓಡಿಹೋಗಿಯೂ ಮೊದಲನೆಯದು ಬರಲಿಲ್ಲವೇ? ಹೆಂಡತಿಯನ್ನು ಬಿಟ್ಟಿರಿ, ಹೆತ್ತವಳನ್ನು ಬಿಟ್ಟಿರಿ, ಎಂಟು ವರ್ಷದ ಮಗಳು ಅಂಬುವನ್ನು ಬಿಟ್ಟಿರಿ, ಹೆಸರನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ ನಿಮಗೆ. “ಯಾರ್ರಿ ಮೇಡಂ ಇವರು?” ಎಂದು ನಜಮಾ ಕೇಳಿದಳು. ದೂರದ ಸಂಬಂಧಿಕರು ಎಂದೆ. ಆ ಸಂಘದ ಕಾರ್ಯದರ್ಶಿಯ ವಿಳಾಸ ಬರೆದುಕೊಂಡು ಬಂದೆ, ಈ ಪತ್ರ ಅವರ ಕೈಯಿಂದಲೇ ನಿಮಗೆ ತಲುಪುತ್ತದೆ.

ನೀವು ಹೋದ ಮೇಲೆ ಏನಾಯಿತೆಂದು ನಿಮಗೆ ಗೊತ್ತಿರಲಾರದು. ಎಡದಂಡೆ ಕಾಲುವೆಯ ಏರಿಯ ಮೇಲೆ ಅಂಗಿ, ಚಪ್ಪಲಿ, ಅಂಗಿಯ ಜೇಬಿನಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇಟ್ಟು ಹೋಗಿದ್ದಿರಿ. ಮೂರನೆಯ ದಿನ ತೂಬಿನ ಹತ್ತಿರ ಒಂದು ಹೆಣ ತೇಲಿತು. ಮೈಮೇಲೆ ಬಟ್ಟೆಯಿಲ್ಲ, ಮೀನು ತಿಂದು ಮುಖವಿಲ್ಲ. ನಿಮ್ಮ ತಾಯಿ ನಮ್ಮ ಮಗನೇ ಎಂದು ಮೇಲೆ ಬಿದ್ದರು. ಮೈಮೇಲೆ ಲಿಂಗವಿಲ್ಲದ ಹೆಣಕ್ಕೆ ಕರಿಬಸಯ್ಯ ಸ್ವಾಮಿಗಳು ಕ್ರಿಯೆ ಮಾಡುವವರಲ್ಲ. ಮಗ ಹಾಗೇ ಹೋಗುತ್ತಾನಲ್ಲ ಎಂಬ ಸಂಕಟಕ್ಕೆ ಅತ್ತೆ ನಿಮ್ಮ ಕರಡಿಗೆಯನ್ನು ತಮ್ಮ ಕೈಯಾರೆ ಆ ಕೊರಳಿಗೆ ಕಟ್ಟಿದರು. ಆಮೇಲೆ ಬಂದ ಪೊಲೀಸರು ಕೊರಳಲ್ಲಿ ಲಿಂಗವಿತ್ತು, ಮನೆಯವರು ಗುರುತು ಹಿಡಿದರು ಎಂದು ಬರೆದುಕೊಂಡರು. ಊರೂ ಒಪ್ಪಿತು, ಸ್ವಾಮಿಗಳೂ ಒಪ್ಪಿದರು.

ನಾನು ಒಪ್ಪಿರಲಿಲ್ಲ. ಎಡಗಿವಿಯ ಮೇಲ್ಗಡೆ ಮುರುವು ಹಾಕಿದ ದೊಡ್ಡ ತೂತು ಕಂಡಿದ್ದೆ. ಕುರಿ ಕಾಯುವವರು ಹಾಕುತ್ತಾರಲ್ಲ, ಹಾಗೆ. ನಿಮ್ಮ ಕಿವಿಯಲ್ಲಿ ಅದೆಲ್ಲಿತ್ತು? ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮ ಹೆಡ್‌ಮಾಸ್ತರರು ಹತ್ತಿರ ಬಂದು ಮೆಲ್ಲಗೆ, “ಹೆಣ ಸಿಕ್ಕಿದ್ದು ಪುಣ್ಯ ತಿಳಕೋರಿ ತಂಗೀ. ಸಿಗಲಿಲ್ಲಂದ್ರ ನೌಕರಿಗೆ ಏಳು ವರ್ಷ ಕಾಯಬೇಕಿತ್ತು” ಎಂದರು. ಅಂಬು ನನ್ನ ಸೆರಗು ಹಿಡಿದು ನಿಂತಿತ್ತು. ತೆರೆದ ಬಾಯಿಂದ ಅತ್ತುಬಿಟ್ಟೆ. ಆ ಅಳು ಸುಳ್ಳಲ್ಲ, ಯಾರಿಗಾಗಿ ಎಂದು ಮಾತ್ರ ಕೇಳಬೇಡಿ.

ನಿಮ್ಮ ತಾಯಿ ಶೇಖರಮ್ಮನವರು ನಾಲ್ಕು ವರ್ಷದ ಹಿಂದೆ ತೀರಿಕೊಂಡರು. “ನನ್ನನ್ನ ಮಗನ ಬಾಜೂಕ ಇಡ್ರಿ” ಎಂದಿದ್ದರು, ಇಟ್ಟೆವು. ಅಂಬು ರಾಯಚೂರಿನಲ್ಲಿ ಟಿ.ಸಿ.ಎಚ್. ಓದುತ್ತಿದ್ದಾಳೆ. ಮುದಗಲ್ಲಿನ ಒಳ್ಳೆಯ ಮನೆತನ ಒಪ್ಪಿದೆ, ಮಾಘದಲ್ಲಿ ಮದುವೆ. ತಂದೆಯಿಲ್ಲದ ಮಗು ಎಂದು ಬೀಗರು ಯಾವುದಕ್ಕೂ ಹಟ ಹಿಡಿಯಲಿಲ್ಲ. ನಿಮ್ಮಿಂದ ಅವಳಿಗೆ ಆದ ಉಪಕಾರ ಅದೊಂದೇ.

ಇನ್ನು ಗ್ಯಾನಮ್ಮನ ವಿಷಯ. ಸಾಲಗುಂದದವಳು, ನಮ್ಮ ಶಾಲೆಯ ಕಸ ಗುಡಿಸುತ್ತಾಳೆ. ನೀವು ಹೋದ ವಾರವೇ ಅವಳ ಗಂಡ ಮಾಳಿಂಗಪ್ಪ, ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಲು ಕಾಲುವೆಗೆ ಹೋದ. ಸಂಜೆ ಕುರಿಗಳು ಮಾತ್ರ ಮನೆಗೆ ಬಂದವು. ನಾಟಿಗೆ ಬಂದಿದ್ದ ಯಾವಳ ಜೊತೆಗೋ ಆಂಧ್ರದ ಕಡೆ ಓಡಿಹೋದ ಎಂದು ಊರು ಆಡಿಕೊಂಡಿತು. ಅವತ್ತು ಹೆಣ ನೋಡಲು ಬಂದ ಮಂದಿಯಲ್ಲಿ ಅವಳೂ ಇದ್ದಳಂತೆ. ಅವಳು ಬರುವ ಹೊತ್ತಿಗೆ ವಿಭೂತಿ ಬಳಿದು, ತಲೆಗೆ ರುಮಾಲು ಸುತ್ತಿ ಕೂರಿಸಿ ಆಗಿತ್ತು. “ಕೊಳ್ಳಾಗ ಲಿಂಗ ನೋಡಿದೆ ಅಕ್ಕಾರ. ನಮ್ಮಾತ ಅಲ್ಲ, ಬದುಕ್ಯಾನ ಅಂತ ಸಮಾಧಾನ ಆತು” ಎಂದು ನನಗೇ ಹೇಳಿದ್ದಾಳೆ. ಹತ್ತು ವರ್ಷ ಓಡಿಹೋದವನ ಹೆಂಡತಿ ಎನ್ನಿಸಿಕೊಂಡಳು. ನನ್ನನ್ನು ಮಾತ್ರ ಜನ ಪುಣ್ಯವಂತನ ಹೆಂಡತಿ ಎಂದು ನಿಂತು ಮಾತಾಡಿಸುತ್ತಾರೆ.

ಯಂತ್ರದ ಸುದ್ದಿ ಕೇಳಿ ಹೋದ ವಾರ ಅವಳು ರೇಷನ್ ಕಾರ್ಡು ತಂದು ನನ್ನ ಮುಂದಿಟ್ಟಳು. ಅವಳೂ ಗಂಡನ ಹೆಸರು ಹೇಳುವವಳಲ್ಲ. “ನಮ್ಮಾತ ಎಲ್ಲಿ ಅದಾನ, ಒತ್ತಿ ನೋಡಸ್ರಿ ಅಕ್ಕಾರ. ಬರಲಿಲ್ಲಂದ್ರೂ ಅಡ್ಡಿಯಿಲ್ಲ, ಅದಾನ ಅಂತ ಗೊತ್ತಾದ್ರ ಸಾಕು” ಎಂದಳು. ಬೇಡ ಎನ್ನಬಹುದಿತ್ತು. ಕರೆದುಕೊಂಡು ಹೋದೆ. ನಜಮಾ ಅಚ್ಚುಕಟ್ಟಾಗಿ ಎರಡೂ ಕಡೆ ಬಾಲ ಹಾಕಿ, ಮೂರು ಕಡೆ ಹುಡುಕಿದಳು. ಮೂರರಲ್ಲೂ ಸೊನ್ನೆ. ಗ್ಯಾನಮ್ಮ ಆ ಗಾಜಿನ ಮೇಲೆ ಬೆರಳಿಟ್ಟು, “ಇದಕ್ಕ ಎಲ್ಲಾ ಊರು ಗೊತ್ತಾವೇನು?” ಎಂದು ಕೇಳಿದಳು. ಗೊತ್ತು ಎಂದು ನಜಮಾ ಹೆಮ್ಮೆಯಿಂದ ಹೇಳಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳ ಗಂಡ ಎಲ್ಲಿದ್ದಾನೆಂದು ಆ ಅಂಗಡಿಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಪ್ರತಿ ಅಮಾವಾಸ್ಯೆ ಹೋಳಿಗೆ ಒಯ್ದು ಅವನಿಗೇ ಎಡೆ ಇಟ್ಟು ಬರುವವಳು ನಾನು. ನನಗೆ ಹೇಳಲು ಆಗಲಿಲ್ಲ. ಹೇಳಿದರೆ ಹೊಲ ಅಗೆಯುತ್ತಾರೆ, ನೌಕರಿ ಹೋಗುತ್ತದೆ, ಅಂಬುವಿನ ಮದುವೆ ನಿಲ್ಲುತ್ತದೆ.

ಆದ್ದರಿಂದ ನೀವು ಈ ಕಡೆ ಬರಬೇಡಿ. ಮಗಳ ಮದುವೆ ಎಂದು ಪ್ರೀತಿ ಉಕ್ಕಿದರೂ ತಡೆದುಕೊಳ್ಳಿ. ಬಂದರೆ ನೀವು ಯಾರೆಂದು ನನ್ನನ್ನೇ ಕೇಳುತ್ತಾರೆ, ಈತ ಯಾರೋ ಗೊತ್ತಿಲ್ಲ ಎನ್ನುತ್ತೇನೆ. ಕಣ್ಣು ಮಿಟುಕಿಸದೆ ಹೇಳುತ್ತೇನೆ, ಕಲಿತಿದ್ದೇನೆ. ಆ ಸಂಘದವರಿಗೆ ಹೇಳಿ ನಿಮ್ಮ ಹೆಸರು ಅಳಿಸಿ ಹಾಕಿಸಿ, ಬೇರೆ ಹೆಸರು ಇಟ್ಟುಕೊಳ್ಳಿ. ಇಲ್ಲಿ ಓದುವ ಬೀಗರ ಕಡೆಯ ಹುಡುಗರೂ ಆ ಅಂಗಡಿಗೆ ಹೋಗುತ್ತಾರೆ. ಬಾಲ ಹಾಕುವುದು ಈಗ ಸಿಂಧನೂರಿಗೆಲ್ಲ ಗೊತ್ತು.

ಗುಲಾಬಿಗಳನ್ನು ಕೇಳಿದೆನೆಂದು ಹೇಳಿ. ನಿಮ್ಮ ಆತ್ಮಕ್ಕೆ ಶಾಂತಿ ಇರಲಿ.

ದಿವಂಗತ ಅಮರಗುಂಡಪ್ಪನವರ ಧರ್ಮಪತ್ನಿ,
ಕಲ್ಯಾಣಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಗ್ಯಾನಮ್ಮ ಬಂದಿದ್ದಳು. ಎಲ್ಲ ಊರೂ ಬಲ್ಲ ಯಂತ್ರಕ್ಕೇ ಸಿಗದವನು ಸತ್ತ ಹಾಗೇ ಲೆಕ್ಕ ಎಂದು ಅವರ ಹಿರಿಯರು ತೀರ್ಮಾನಿಸಿದರಂತೆ. ನಾಳೆ ಜೋಳದ ಕಣಿಕೆಯಲ್ಲಿ ಬೊಂಬೆ ಮಾಡಿ, ಅವನ ಕಂಬಳಿ ಹೊದಿಸಿ ಮಣ್ಣು ಮಾಡುತ್ತಾರೆ, ಅವಳ ತಾಳಿ ತೆಗೆಸುತ್ತಾರೆ. ಎಲ್ಲೋ ಬದುಕಿರುವವನನ್ನು ಹೂತಂತಾದರೆ ಊರಿಗೆ ಕೇಡು ಎಂದು ಸಾಲಗುಂದದ ಮಣ್ಣಿನಲ್ಲಿ ಜಾಗ ಕೊಡಲಿಲ್ಲವಂತೆ. “ನಿಮ್ಮ ಹೊಲದಾಗ ಮಾಸ್ತರ ಬಾಜೂಕ ಒಂದೀಟು ಜಾಗಾ ಕೊಡ್ರಿ ಅಕ್ಕಾರ. ಒಳ್ಳೇರ ಮಗ್ಗಲಾಗ ಇರಲಿ” ಎಂದು ನನ್ನ ಕಾಲು ಹಿಡಿದಳು. ಹೇಳಿಬಿಡೋಣವೆಂದು ಈ ಸಲವೂ ಬಾಯಿ ತೆರೆದೆ. ಎಷ್ಟು ಬೇಕೋ ಅಷ್ಟು ತಗೋ ಎಂದೆ.